ಸಾಯುವ ಮುನ್ನ ಜೀವಕೋಶ ಏನೇನು ಮಾಡುತ್ತದೆ

ಕಾಲು ಮುರಿದುಕೊಂಡು ಆರು ವಾರ ಪ್ಲಾಸ್ಟರ್ ಹಾಕಿಸಿಕೊಂಡವರಿಗೆ ಈ ಅನುಭವ ಇರುತ್ತದೆ. ಪ್ಲಾಸ್ಟರ್ ಬಿಚ್ಚಿದ ದಿನ ಕಾಲು ನೋಡಿಕೊಂಡರೆ ಗಾಬರಿಯಾಗುತ್ತದೆ. ಒಂದು ಮೀನಖಂಡ ದಪ್ಪ, ಇನ್ನೊಂದು ಸಣಕಲು. ನನಗೂ ಹಾಗೇ ಆಗಿತ್ತು. ಒಳಗಿನ ಮಾಂಸವೆಲ್ಲ ಸತ್ತೇ ಹೋಯಿತೇನೋ ಅಂದುಕೊಂಡಿದ್ದೆ. ಸತ್ತಿರಲಿಲ್ಲ. ಅಲ್ಲಿನ ಸ್ನಾಯುಕೋಶಗಳು ಬಹುತೇಕ ಇದ್ದಲ್ಲೇ ಇದ್ದವು. ಕೆಲಸ ಇಲ್ಲ ಎಂದು ಗೊತ್ತಾದ ಮೇಲೆ ಅವು ತಮ್ಮ ಖರ್ಚು ಇಳಿಸಿಕೊಂಡಿದ್ದವು, ಅಷ್ಟೇ.

ಹೇಗೆ ಇಳಿಸಿಕೊಳ್ಳುತ್ತವೆ ಎಂಬುದು ಸ್ವಾರಸ್ಯವಾಗಿದೆ. ಬೇಡವಾದ ಪ್ರೋಟೀನುಗಳಿಗೆ ಕೋಶವು ಯುಬಿಕ್ವಿಟಿನ್ ಎಂಬ ಪುಟ್ಟ ಚೀಟಿ ಅಂಟಿಸುತ್ತದೆ. ಚೀಟಿ ಬಿದ್ದ ಪ್ರೋಟೀನು ಪ್ರೋಟಿಯಸೋಮ್ ಎಂಬ ಕೊಳವೆಯೊಳಗೆ ಹೋಗಿ ಚೂರಾಗುತ್ತದೆ. ಚೂರುಗಳು ಬೇರೆ ಕೆಲಸಕ್ಕೆ ಒದಗುತ್ತವೆ. ಮತ್ತೆ ನಡೆದಾಡತೊಡಗಿದರೆ ಅದೇ ಕೋಶ ಹೊಸ ಪ್ರೋಟೀನು ಕಟ್ಟಿಕೊಂಡು ಉಬ್ಬುತ್ತದೆ.

ಕಾಯಿಲೆ ಎಂದರೆ ಕೊನೆಗೆ ಕೋಶಗಳ ಕಾಯಿಲೆಯೇ ಎಂಬ ಮಾತನ್ನು ಗಟ್ಟಿಯಾಗಿ ಹೇಳಿದವರು ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಖೋ. 1858ರಲ್ಲಿ ಬರ್ಲಿನ್‌ನಲ್ಲಿ ಅವರು ಕೊಟ್ಟ ಉಪನ್ಯಾಸಗಳಿಂದ ಇಂದಿನ ರೋಗವಿಜ್ಞಾನ ಬೆಳೆಯಿತು. ಆಮೇಲಿನ ನೂರೈವತ್ತು ವರ್ಷಗಳಲ್ಲಿ ಗೊತ್ತಾದದ್ದು ಇನ್ನೂ ಸೂಕ್ಷ್ಮವಾದ ಸಂಗತಿ. ಪೆಟ್ಟು ಬಿದ್ದ ಕೋಶ ತಕ್ಷಣ ಸಾಯುವುದಿಲ್ಲ. ಮೊದಲು ಹೊಂದಿಕೊಳ್ಳಲು ನೋಡುತ್ತದೆ, ಆಮೇಲೆ ರಿಪೇರಿಗೆ ಇಳಿಯುತ್ತದೆ. ಎರಡೂ ಆಗದಿದ್ದಾಗ ಸಾಯುತ್ತದೆ. ಸಾಯುವುದರಲ್ಲೂ ಒಂದೇ ದಾರಿ ಇಲ್ಲ. ಅಕ್ಕಪಕ್ಕದ ಕೋಶಗಳಿಗೆ ಇದು ಸತ್ತಿತೋ ಉಳಿಯಿತೋ ಎನ್ನುವುದಕ್ಕಿಂತ, ಹೇಗೆ ಸತ್ತಿತು ಎನ್ನುವುದೇ ಎಷ್ಟೋ ಸಲ ಮುಖ್ಯವಾಗುತ್ತದೆ.

ಮೊದಲು ಹೊಂದಿಕೊಳ್ಳುವ ವಿಚಾರ. ಹೊರೆ ಹೆಚ್ಚಾದರೆ ಕೋಶಕ್ಕೆ ಎರಡು ದಾರಿ. ಒಂದು, ತಾನೇ ದಪ್ಪಗಾಗುವುದು. ಇನ್ನೊಂದು, ಒಡೆದು ಎರಡಾಗಿ, ನಾಲ್ಕಾಗಿ ಸಂಖ್ಯೆ ಹೆಚ್ಚಿಸಿಕೊಳ್ಳುವುದು. ಬಸುರಿಯ ಗರ್ಭಕೋಶ ಎರಡನ್ನೂ ಮಾಡುತ್ತದೆ. ಸುಮಾರು 70 ಗ್ರಾಂ ತೂಗುತ್ತಿದ್ದ ಅಂಗ ಹೆರಿಗೆಯ ಹೊತ್ತಿಗೆ ಒಂದು ಕಿಲೋ ದಾಟುತ್ತದೆ. ಹೃದಯಕ್ಕೆ ಆ ಸೌಲಭ್ಯ ಇಲ್ಲ. ದೊಡ್ಡವರ ಹೃದಯದ ಸ್ನಾಯುಕೋಶಗಳು ಹೆಚ್ಚುಕಡಿಮೆ ಒಡೆಯುವುದೇ ಇಲ್ಲ. ಹಾಗಾಗಿ ಬಿಪಿ ಜಾಸ್ತಿ ಇದ್ದು, ಹೃದಯ ವರ್ಷಗಟ್ಟಲೆ ಹೆಚ್ಚು ಒತ್ತಡದ ಎದುರು ರಕ್ತ ನೂಕಬೇಕಾದಾಗ, ಇದ್ದ ಕೋಶಗಳೇ ದಪ್ಪಗಾಗುತ್ತವೆ. ಹೃದಯದ ಗೋಡೆ ದಪ್ಪವಾಗುತ್ತದೆ.

ಕೇಳಲು ಒಳ್ಳೆಯದೇ ಅನ್ನಿಸುತ್ತದೆ, ಅಲ್ವಾ? ಗಟ್ಟಿ ಹೃದಯ. ಆದರೆ ದಪ್ಪಗಾದ ಕೋಶಕ್ಕೆ ಹೆಚ್ಚು ಆಮ್ಲಜನಕ ಬೇಕು. ಅದನ್ನು ತಂದುಕೊಡುವ ಸಣ್ಣ ರಕ್ತನಾಳಗಳು ಅದೇ ವೇಗದಲ್ಲಿ ಬೆಳೆಯುವುದಿಲ್ಲ. ಗೋಡೆ ಬಿಗಿಯಾಗಿ, ಹೃದಯ ಸಡಿಲಗೊಂಡು ರಕ್ತ ತುಂಬಿಕೊಳ್ಳುವುದೂ ಕಷ್ಟವಾಗುತ್ತದೆ. ಇವತ್ತಿನ ಹೊರೆಯನ್ನು ನಿಭಾಯಿಸಿಕೊಟ್ಟ ಬದಲಾವಣೆಯೇ ಹತ್ತು ವರ್ಷದ ನಂತರ ಹೃದಯ ಸೋಲಲು ಕಾರಣವಾಗಬಹುದು.

ಇದಕ್ಕಿಂತ ವಿಚಿತ್ರವಾದ ಹೊಂದಾಣಿಕೆ ಸಿಗರೇಟು ಸೇದುವವರ ಶ್ವಾಸನಾಳದಲ್ಲಿ ನಡೆಯುತ್ತದೆ. ಅಲ್ಲಿ ಸಹಜವಾಗಿ ಇರುವುದು ಎತ್ತರದ, ತಲೆಯ ಮೇಲೆ ಸೂಕ್ಷ್ಮ ರೋಮಗಳಿರುವ ಕೋಶಗಳು. ಆ ರೋಮಗಳು ಒಟ್ಟಾಗಿ ಬೀಸುತ್ತ, ದೂಳು ಮೆತ್ತಿದ ಕಫವನ್ನು ಗಂಟಲಿನ ಕಡೆಗೆ ಗುಡಿಸುತ್ತವೆ. ಹೊಗೆಗೆ ಈ ನಾಜೂಕಿನ ಕೋಶಗಳು ತಾಳುವುದಿಲ್ಲ. ಅವುಗಳ ಜಾಗಕ್ಕೆ ಕ್ರಮೇಣ ಚಪ್ಪಟೆಯಾದ, ಒರಟು ಕೋಶಗಳು ಬರುತ್ತವೆ. ಇದ್ದ ಕೋಶವೇ ವೇಷ ಬದಲಿಸುತ್ತದೆ ಎಂದಲ್ಲ. ತಳದಲ್ಲಿರುವ ಮೂಲಕೋಶಗಳು ಇನ್ನು ಮುಂದೆ ಬೇರೆ ಬಗೆಯ ಮರಿಗಳನ್ನು ಹುಟ್ಟಿಸತೊಡಗುತ್ತವೆ. ಹೊಸ ಕೋಶ ಹೊಗೆಯನ್ನು ತಡೆದುಕೊಳ್ಳುತ್ತದೆ, ಸರಿ. ಗುಡಿಸುವವರು ಮಾತ್ರ ಇಲ್ಲವಾದರು. ಕಫ ನಿಲ್ಲುತ್ತದೆ, ಕೆಮ್ಮಿ ಕೆಮ್ಮಿಯೇ ಅದನ್ನು ಹೊರಹಾಕಬೇಕಾಗುತ್ತದೆ. ಹಳೇ ಧೂಮಪಾನಿಗಳ ಬೆಳಗಿನ ಕೆಮ್ಮಿನಲ್ಲಿ ಇದರ ಪಾಲೂ ಇದೆ. ಬಿಟ್ಟರೆ ಬಹಳಷ್ಟು ಸರಿಹೋಗುತ್ತದೆ. ಬಿಡದೇ ಮುಂದುವರಿಸಿದರೆ ಈ ಬದಲಾದ ಪದರದಲ್ಲೇ ಕ್ಯಾನ್ಸರ್ ಮೊಳೆಯುವ ಅಪಾಯ ಇರುತ್ತದೆ. ಹೊಟ್ಟೆಯ ಆಮ್ಲ ವರ್ಷಗಟ್ಟಲೆ ಮೇಲೆ ಬರುತ್ತಿದ್ದರೆ ಅನ್ನನಾಳದ ಕೆಳತುದಿಯಲ್ಲಿ ಇದರ ತಿರುವುಮುರುವು ನಡೆಯುತ್ತದೆ. ಅಲ್ಲಿ ಚಪ್ಪಟೆ ಕೋಶಗಳು ಹೋಗಿ, ಕರುಳಿನಲ್ಲಿರುವಂಥ ಎತ್ತರದ ಕೋಶಗಳು ಬರುತ್ತವೆ.

ಇದೆಲ್ಲ ವಾರ, ತಿಂಗಳು, ವರ್ಷಗಳ ಲೆಕ್ಕ. ಪೆಟ್ಟು ಈಗಲೇ, ಈ ನಿಮಿಷದಲ್ಲೇ ಬಿದ್ದರೆ?

1960ರ ದಶಕದ ಆರಂಭದಲ್ಲಿ ಇಟಲಿಯ ಫೆರುಚ್ಚೊ ರಿಟೊಸ್ಸಾ ಹಣ್ಣುನೊಣದ ಮರಿಗಳ ವರ್ಣತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಒಂದು ದಿನ ಯಾರೋ ಕಾವುಪೆಟ್ಟಿಗೆಯ ಉಷ್ಣತೆ ಏರಿಸಿಬಿಟ್ಟಿದ್ದರು. ಪ್ರಯೋಗ ಕೆಟ್ಟಿತು ಎಂದು ಎಸೆಯಬಹುದಿತ್ತು. ರಿಟೊಸ್ಸಾ ಇಣುಕಿ ನೋಡಿದರು. ವರ್ಣತಂತುಗಳಲ್ಲಿ ಹಿಂದೆಂದೂ ಕಾಣದ ಜಾಗಗಳು ಉಬ್ಬಿಕೊಂಡಿದ್ದವು. ಬಿಸಿ ತಾಗಿದ ಕೆಲವೇ ನಿಮಿಷಗಳಲ್ಲಿ ಕೆಲವು ಜೀನುಗಳು ಭರದಿಂದ ಕೆಲಸ ಶುರು ಮಾಡುತ್ತವೆ ಎಂದು ಇದರ ಅರ್ಥ. 1962ರಲ್ಲಿ ಅವರು ಇದನ್ನು ಪ್ರಕಟಿಸಿದಾಗ ಹೆಚ್ಚು ಜನ ತಲೆಕೆಡಿಸಿಕೊಳ್ಳಲಿಲ್ಲ. ಆ ಜೀನುಗಳು ತಯಾರಿಸುವ ಪ್ರೋಟೀನುಗಳಿಗೆ ಆಮೇಲೆ ಹೀಟ್ ಶಾಕ್ ಪ್ರೋಟೀನ್ ಎಂಬ ಹೆಸರು ಬಂತು. ಹುಡುಕಿದಂತೆಲ್ಲ ಅವು ಬ್ಯಾಕ್ಟೀರಿಯಾದಿಂದ ಮನುಷ್ಯನವರೆಗೆ ಸಿಕ್ಕವು.

ಅವುಗಳ ಕೆಲಸ ಇಷ್ಟು. ಪ್ರೋಟೀನ್ ಎಂದರೆ ಉದ್ದನೆಯ ದಾರ. ಅದು ಸರಿಯಾದ ಆಕಾರಕ್ಕೆ ಮಡಿಚಿಕೊಂಡರೆ ಮಾತ್ರ ಕೆಲಸಕ್ಕೆ ಬರುತ್ತದೆ. ಬಿಸಿ, ವಿಷ, ಆಮ್ಲಜನಕದ ಕೊರತೆ, ಯಾವುದೇ ಆಗಲಿ, ಈ ಮಡಿಕೆಗಳನ್ನು ಬಿಚ್ಚಿಬಿಡುತ್ತದೆ. ಬಿಚ್ಚಿದ ದಾರಗಳು ಒಂದಕ್ಕೊಂದು ಸಿಕ್ಕಿಕೊಂಡು ಗೋಜಲಾಗುತ್ತವೆ. ಹೀಟ್ ಶಾಕ್ ಪ್ರೋಟೀನುಗಳು ಬಿಚ್ಚಿದ ದಾರವನ್ನು ಹಿಡಿದು, ಗೋಜಲಾಗದಂತೆ ನೋಡಿಕೊಂಡು, ಮತ್ತೆ ಮಡಿಚಿಕೊಳ್ಳಲು ನೆರವಾಗುತ್ತವೆ.

ಹಸಿವಿಗೆ ಬೇರೆ ಉಪಾಯ ಇದೆ. ಆಹಾರ ಸಿಗದ ಕೋಶ ತನ್ನದೇ ಭಾಗಗಳನ್ನು ತಿನ್ನುತ್ತದೆ. ಶಕ್ತಿ ತಯಾರಿಸಿ ಹಳತಾದ ಮೈಟೊಕಾಂಡ್ರಿಯ, ಹಾಳಾದ ಪ್ರೋಟೀನಿನ ಮುದ್ದೆ, ಇಂಥವುಗಳ ಸುತ್ತ ಚೀಲದಂಥ ಪೊರೆ ಹೆಣೆದು ಲೈಸೊಸೋಮ್ ಎಂಬ ಜೀರ್ಣಚೀಲಕ್ಕೆ ಸಾಗಿಸಿ ಕರಗಿಸುತ್ತದೆ. ಇದಕ್ಕೆ ಆಟೊಫಜಿ ಎನ್ನುತ್ತಾರೆ, ಎಂದರೆ ತನ್ನನ್ನೇ ತಿನ್ನುವುದು. ಜಪಾನಿನ ಯೋಶಿನೋರಿ ಓಸುಮಿ ಯೀಸ್ಟ್ ಕೋಶಗಳನ್ನು ಹಸಿವಿನಲ್ಲಿ ಕೆಡವಿ ಇದರ ಜೀನುಗಳನ್ನು ಪತ್ತೆ ಮಾಡಿದರು. 2016ರ ನೊಬೆಲ್ ಅವರಿಗೆ ಬಂತು. ಉಪವಾಸದ ಬಗ್ಗೆ ಇಂಟರ್ನೆಟ್ಟಿನಲ್ಲಿ ಹರಿದಾಡುವ ಅರ್ಧಕ್ಕರ್ಧ ಉತ್ಸಾಹ ಹುಟ್ಟಿದ್ದು ಆ ನೊಬೆಲ್ಲಿನಿಂದಲೇ ಎಂದು ನನಗೆ ಗುಮಾನಿ. ಯೀಸ್ಟಿನಲ್ಲಿ ಕಂಡದ್ದನ್ನು ಸೀದಾ ಮನುಷ್ಯನ ಊಟದ ವೇಳಾಪಟ್ಟಿಗೆ ಅಂಟಿಸುವುದು ಸುಮ್ನೆ ಆತುರ.

ಈಗ ಹೊಂದಾಣಿಕೆಗೂ ರಿಪೇರಿಗೂ ಸಮಯ ಸಾಲದ ಪ್ರಸಂಗಕ್ಕೆ ಬರೋಣ. ಹೃದಯದ ಒಂದು ರಕ್ತನಾಳ ಮುಚ್ಚಿಕೊಂಡಿದೆ. ಅದರ ಆಚೆಗಿರುವ ಸ್ನಾಯುಕೋಶಕ್ಕೆ ಆಮ್ಲಜನಕ ನಿಂತಿದೆ. ಒಳಗೆ ಏನಾಗುತ್ತದೆ?

ಕೋಶದಲ್ಲಿ ಶಕ್ತಿಯ ಕರೆನ್ಸಿ ಎಟಿಪಿ ಎಂಬ ಅಣು. ಅದನ್ನು ಹೆಚ್ಚಾಗಿ ತಯಾರಿಸುವುದು ಮೈಟೊಕಾಂಡ್ರಿಯ. ಅದಕ್ಕೆ ಆಮ್ಲಜನಕ ಬೇಕು. ಆಮ್ಲಜನಕ ನಿಂತ ಸುಮಾರು ಒಂದು ನಿಮಿಷದಲ್ಲಿ ಆ ಭಾಗದ ಸ್ನಾಯು ಸಂಕುಚಿಸುವುದನ್ನು ನಿಲ್ಲಿಸುತ್ತದೆ. ಗಮನಿಸಿ, ಕೋಶ ಸತ್ತಿಲ್ಲ. ದುಡಿಮೆ ನಿಂತಿದೆ, ಅಷ್ಟೇ. ಆಮ್ಲಜನಕವಿಲ್ಲದೆ ಸಕ್ಕರೆ ಒಡೆಯುವ ಹಳೆಯ ದಾರಿಗೆ ಅದು ಹೊರಳುತ್ತದೆ. ಅದರಿಂದ ಎಟಿಪಿ ಬರುವುದು ಕಡಿಮೆ, ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುವುದು ಜಾಸ್ತಿ.

ಎಟಿಪಿ ಇಳಿದಾಗ ಮೊದಲು ಸೊರಗುವವುಗಳಲ್ಲಿ ಒಂದು ಪೊರೆಯಲ್ಲಿರುವ ಸೋಡಿಯಂ ಪಂಪು. ಮೂರು ಸೋಡಿಯಂ ಕಣ ಹೊರಗೆ, ಎರಡು ಪೊಟ್ಯಾಸಿಯಂ ಕಣ ಒಳಗೆ, ಹಗಲೂ ರಾತ್ರಿ ಇದೇ ಅದರ ಕೆಲಸ. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಇದನ್ನು ಕಂಡುಹಿಡಿದರು. ನೊಬೆಲ್ ಸಿಕ್ಕಿದ್ದು ನಲವತ್ತು ವರ್ಷ ಬಿಟ್ಟು, 1997ರಲ್ಲಿ. ಈ ಪಂಪು ನಿಂತರೆ ಸೋಡಿಯಂ ಒಳಗೇ ಉಳಿಯುತ್ತದೆ. ಅದರ ಹಿಂದೆ ನೀರು ನುಗ್ಗುತ್ತದೆ. ಕೋಶ ಊದಿಕೊಳ್ಳುತ್ತದೆ. ಪೊರೆಯ ಮೇಲೆ ಗುಳ್ಳೆಗಳೇಳುತ್ತವೆ. ಪ್ರೋಟೀನು ತಯಾರಿಸುವ ರೈಬೊಸೋಮುಗಳು ತಮ್ಮ ಜಾಗದಿಂದ ಕಳಚಿಕೊಳ್ಳುತ್ತವೆ.

ಇಷ್ಟಾದರೂ ರಕ್ತ ಮತ್ತೆ ಹರಿದರೆ ಎಲ್ಲ ಸರಿಹೋಗಬಹುದು. ಪಂಪು ಶುರುವಾಗುತ್ತದೆ, ನೀರು ಇಳಿಯುತ್ತದೆ, ಗುಳ್ಳೆ ಮಾಯವಾಗುತ್ತದೆ.

ಹಾಗಾದರೆ ಮರಳಿ ಬರಲಾಗದ ಗಡಿ ಯಾವುದು? ಇಂಥದ್ದೇ ಗೆರೆ ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ಆದರೆ ಎರಡು ಗುರುತುಗಳಿವೆ. ಆಮ್ಲಜನಕ ಬಂದರೂ ಮೈಟೊಕಾಂಡ್ರಿಯ ಚೇತರಿಸಿಕೊಳ್ಳದಿರುವುದು ಒಂದು. ಪೊರೆ ಹರಿಯುವುದು ಇನ್ನೊಂದು. ಎರಡರ ಹಿಂದೆಯೂ ಕ್ಯಾಲ್ಸಿಯಂ ಕೈವಾಡ ಇದೆ. ಕೋಶದ ಹೊರಗೆ ಇರುವಷ್ಟು ಕ್ಯಾಲ್ಸಿಯಂ ಒಳಗಿನ ದ್ರವದಲ್ಲಿ ಇರುವುದಿಲ್ಲ. ವ್ಯತ್ಯಾಸ ಸುಮಾರು ಹತ್ತು ಸಾವಿರ ಪಟ್ಟು. ಈ ಅಂತರವನ್ನು ಕಾಯ್ದುಕೊಳ್ಳಲೂ ಎಟಿಪಿ ಬೇಕು. ತಡೆ ಮುರಿದು ಕ್ಯಾಲ್ಸಿಯಂ ಒಳನುಗ್ಗಿದರೆ ಮಲಗಿದ್ದ ಕಿಣ್ವಗಳು ಎದ್ದುಬಿಡುತ್ತವೆ. ಪೊರೆಯ ಕೊಬ್ಬನ್ನು ಕೆಲವು ಕತ್ತರಿಸುತ್ತವೆ, ಪ್ರೋಟೀನನ್ನು ಕೆಲವು, ಡಿಎನ್ಎಯನ್ನು ಕೆಲವು. ಮೈಟೊಕಾಂಡ್ರಿಯದ ಗೋಡೆಯಲ್ಲಿ ರಂಧ್ರ ತೆರೆದುಕೊಳ್ಳುತ್ತದೆ. ಅಲ್ಲಿಗೆ ಎಟಿಪಿಯ ಆಸೆಯೂ ಮುಗಿಯಿತು.

ಇದಕ್ಕೆ ಎಷ್ಟು ಹೊತ್ತು ಬೇಕು ಎನ್ನುವುದು ಕೋಶದ ಮೇಲೆ ಹೋಗುತ್ತದೆ. ಮೆದುಳಿನ ನರಕೋಶಕ್ಕೆ ಮೂರರಿಂದ ಐದು ನಿಮಿಷ. ಹೃದಯದ ಸ್ನಾಯುವಿಗೆ ಇಪ್ಪತ್ತರಿಂದ ನಲವತ್ತು ನಿಮಿಷ. ಕಾಲಿನ ಸ್ನಾಯು ಎರಡು ಮೂರು ಗಂಟೆ ತಡೆದೀತು. ತಣ್ಣಗೆ ಮಾಡಿದರೆ ಕೋಶದ ಖರ್ಚೇ ಇಳಿಯುವುದರಿಂದ ಗಡಿಯಾರ ನಿಧಾನವಾಗುತ್ತದೆ. ದಾನವಾಗಿ ಬಂದ ಅಂಗಗಳನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಸಾಗಿಸುವುದು ಇದಕ್ಕೇ. ಹೃದಯಕ್ಕೆ ಆಗಲೂ ಸಿಗುವುದು ಸುಮಾರು ನಾಲ್ಕು ಗಂಟೆ. ಕಿಡ್ನಿ ಒಂದು ದಿನ ಕಾಯಬಲ್ಲದು.

ಇನ್ನೊಂದು ತೊಡಕು. ಮುಚ್ಚಿದ ನಾಳ ತೆರೆದು ರಕ್ತ ಹರಿಸಿದಾಗ ಒಂದಷ್ಟು ಕೋಶಗಳು ಆ ರಕ್ತದಿಂದಲೇ ಹಾಳಾಗುತ್ತವೆ. ಗಾಯಗೊಂಡ ಮೈಟೊಕಾಂಡ್ರಿಯಕ್ಕೆ ಒಮ್ಮೆಲೇ ಆಮ್ಲಜನಕ ಸಿಕ್ಕರೆ, ಅದು ಸರಿಯಾಗಿ ಬಳಸಲಾಗದೆ ಎಲ್ಲವನ್ನೂ ಸುಡುವ ಚುರುಕಿನ ಕಣಗಳನ್ನು ಉಗುಳುತ್ತದೆ. ಹಾಗೆಂದು ನಾಳ ತೆರೆಯದೆ ಬಿಡುವಂತಿಲ್ಲ. ತೆರೆದರೆ ಉಳಿಯುವ ಕೋಶಗಳೇ ಬಹಳ ಹೆಚ್ಚು.

ಪೊರೆ ಹರಿದು ಸಾಯುವ ಈ ಬಗೆಗೆ ನೆಕ್ರೋಸಿಸ್ ಎಂದು ಹೆಸರು. ಇದು ಗಲೀಜಿನ ಸಾವು. ಒಳಗಿನ ಸಾಮಾನೆಲ್ಲ ಹೊರಗೆ ಚೆಲ್ಲುತ್ತದೆ. ಎದೆನೋವು ಎಂದು ಹೋದವರ ರಕ್ತದಲ್ಲಿ ಟ್ರೊಪೊನಿನ್ ಹುಡುಕುತ್ತಾರಲ್ಲ, ಅದು ಹೀಗೆ ಚೆಲ್ಲಿದ ಸರಕು. ಹೃದಯಸ್ನಾಯುವಿನ ಒಳಗೆ ಇರಬೇಕಾದ ಪ್ರೋಟೀನು ರಕ್ತದಲ್ಲಿ ತೇಲುತ್ತಿದೆ ಎಂದರೆ ಎಲ್ಲೋ ಹೃದಯಕೋಶಗಳು ಒಡೆದಿವೆ. ಲಿವರ್ ಟೆಸ್ಟಿನ ವರದಿಯಲ್ಲಿ, ಲಿವರ್ ಕೋಶಗಳ ಕಿಣ್ವವಾದ ಎಎಲ್‌ಟಿ ಏರಿದೆ ಎನ್ನುವುದೂ ಇದೇ ಬಗೆಯ ಸುದ್ದಿ. ಆದರೆ ಚೆಲ್ಲಿದ್ದು ರಕ್ತ ಸೇರಿ, ಅಳೆಯುವಷ್ಟಾಗಲು ಹೊತ್ತು ಹಿಡಿಯುತ್ತದೆ. ಅದಕ್ಕೇ ಮೊದಲ ಟೆಸ್ಟು ಸರಿ ಬಂದರೂ ಕೆಲವು ಗಂಟೆ ಬಿಟ್ಟು ಮತ್ತೊಮ್ಮೆ ರಕ್ತ ತೆಗೆಯುವುದು. ಸೂಕ್ಷ್ಮದರ್ಶಕವಂತೂ ಇನ್ನೂ ತಡ. ಹೃದಯಾಘಾತವಾಗಿ ಒಂದು ಗಂಟೆಯೊಳಗೆ ತೀರಿಕೊಂಡವರ ಹೃದಯಸ್ನಾಯು ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಚೆನ್ನಾಗಿಯೇ ಕಾಣಬಹುದು. ಕೋಶ ಸತ್ತಿರುತ್ತದೆ, ಸತ್ತಂತೆ ಕಾಣಲು ಹಲವು ಗಂಟೆ ಬೇಕು.

ಸತ್ತ ಜಾಗ ಹೇಗೆ ಕಾಣುತ್ತದೆ ಎನ್ನುವುದೂ ಅಂಗದಿಂದ ಅಂಗಕ್ಕೆ ಬೇರೆ. ಹೃದಯ, ಕಿಡ್ನಿಗಳಲ್ಲಿ ಕೆಲವು ದಿನ ಆಕಾರ ಗಟ್ಟಿಯಾಗಿಯೇ ಉಳಿಯುತ್ತದೆ. ಮೆದುಳಿನಲ್ಲಿ ಕರಗಿ ದ್ರವವಾಗಿ, ಕೊನೆಗೆ ಟೊಳ್ಳು ಉಳಿಯುತ್ತದೆ. ಕ್ಷಯದಲ್ಲಿ ಪುಡಿಪುಡಿಯಾದ ಬಿಳಿ ಮುದ್ದೆ.

ಚೆಲ್ಲಿದ ಸರಕು ಸುಮ್ಮನೆ ಬಿದ್ದಿರುವುದಿಲ್ಲ. ಕೋಶದ ಒಳಗೆ ಕರೆನ್ಸಿಯಾಗಿದ್ದ ಎಟಿಪಿ ಹೊರಗೆ ಬಿದ್ದರೆ ಅಪಾಯದ ಗಂಟೆಯಾಗುತ್ತದೆ. ಡಿಎನ್ಎ ಚೂರುಗಳೂ ಅಷ್ಟೇ. ಇವುಗಳ ಸುಳಿವು ಹಿಡಿದು ಬಿಳಿರಕ್ತಕಣಗಳು ಓಡಿ ಬರುತ್ತವೆ. ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುತ್ತದೆ. ಇದೇ ಉರಿಯೂತ. ಶುಚಿ ಮಾಡಲು ಬಂದವುಗಳು ಬಿಡುವ ಕಿಣ್ವಗಳಿಂದ ಪಕ್ಕದ ಆರೋಗ್ಯವಂತ ಕೋಶಗಳಿಗೂ ಪೆಟ್ಟು ಬೀಳುತ್ತದೆ. ಕೊನೆಗೆ ಉಳಿಯುವುದು ಗಾಯದ ಕಲೆ.

ಈ ಗದ್ದಲ ಯಾವುದೂ ಇಲ್ಲದ ಇನ್ನೊಂದು ಸಾವು ಇದೆ. 1960ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಕೆರ್ ಇಲಿಗಳ ಲಿವರ್ ನೋಡುತ್ತಿದ್ದರು. ರಕ್ತ ಪೂರೈಕೆ ಕಡಿಮೆ ಮಾಡಿದ ಭಾಗದಲ್ಲಿ ಕೋಶಗಳು ಊದುವ ಬದಲು ಕುಗ್ಗುತ್ತಿದ್ದವು. ಒಂದಿಲ್ಲಿ, ಒಂದಲ್ಲಿ. ಕುಗ್ಗಿ, ಚಿಕ್ಕಚಿಕ್ಕ ಪೊಟ್ಟಣಗಳಾಗಿ, ಪಕ್ಕದ ಕೋಶಗಳ ಬಾಯಿಗೆ ಬಿದ್ದು ಮಾಯವಾಗುತ್ತಿದ್ದವು. ಉರಿಯೂತದ ಸುಳಿವೇ ಇಲ್ಲ. 1972ರಲ್ಲಿ ಅವರು ಸ್ಕಾಟ್ಲೆಂಡಿನ ವೈಲಿ ಮತ್ತು ಕರಿ ಜೊತೆ ಸೇರಿ ಇದಕ್ಕೆ ಅಪೊಪ್ಟೋಸಿಸ್ ಎಂದು ಹೆಸರಿಟ್ಟರು. ಪದವನ್ನು ಸೂಚಿಸಿದವರು ಅಬರ್ಡೀನಿನ ಗ್ರೀಕ್ ಪ್ರೊಫೆಸರ್ ಒಬ್ಬರು. ಮರದಿಂದ ಎಲೆ ಉದುರುವುದು ಎಂದು ಅದರ ಅರ್ಥ.

ಇದು ಅಪಘಾತವಲ್ಲ, ಜೀನುಗಳಲ್ಲಿ ಬರೆದಿಟ್ಟ ಕೆಲಸ ಎಂದು ತೋರಿಸಿದ್ದು ಒಂದು ಮಿಲಿಮೀಟರ್ ಉದ್ದದ ಹುಳು. ಸಿ. ಎಲೆಗನ್ಸ್ ಅದರ ಹೆಸರು. ಬೆಳೆಯುವಾಗ ಅದರಲ್ಲಿ ಹುಟ್ಟುವ ದೇಹಕೋಶಗಳು 1,090. ಅವುಗಳಲ್ಲಿ 131 ಸಾಯುತ್ತವೆ. ಉಳಿಯುವುದು 959. ಪ್ರತಿ ಹುಳುವಿನಲ್ಲೂ ಅದೇ 131, ಹೆಚ್ಚುಕಡಿಮೆ ಅದೇ ಹೊತ್ತಿಗೆ. ಜಾನ್ ಸಲ್ಸ್ಟನ್ ಈ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಒಂದೊಂದಾಗಿ ಹಿಂಬಾಲಿಸಿ ಲೆಕ್ಕ ಹಾಕಿದರು. ಆ ತಾಳ್ಮೆ ನೆನೆದರೆ ನನಗೆ ಈಗಲೂ ಬೆರಗು. ರಾಬರ್ಟ್ ಹಾರ್ವಿಟ್ಸ್ ಸಾವನ್ನು ನಡೆಸುವ ಜೀನುಗಳನ್ನು ಹಿಡಿದರು. ಹುಳುವನ್ನು ಪ್ರಯೋಗಶಾಲೆಗೆ ತಂದ ಸಿಡ್ನಿ ಬ್ರೆನರ್ ಸೇರಿ ಮೂವರಿಗೂ 2002ರ ನೊಬೆಲ್ ಬಂತು. ಆ ಜೀನುಗಳ ಸೋದರರು ನಮ್ಮಲ್ಲೂ ಇವೆ.

ನಮ್ಮಲ್ಲಿ ಇದು ನಡೆಯುವ ಬಗೆ ನೋಡಿ. ಮೈಟೊಕಾಂಡ್ರಿಯದಲ್ಲಿ ಸೈಟೊಕ್ರೋಮ್ ಸಿ ಎಂಬ ಪ್ರೋಟೀನು ಇದೆ. ಎಟಿಪಿ ತಯಾರಿಕೆಯಲ್ಲಿ ಅದಿಲ್ಲದೆ ಆಗುವುದಿಲ್ಲ. ಅದೇ ಪ್ರೋಟೀನು ಮೈಟೊಕಾಂಡ್ರಿಯದಿಂದ ಹೊರಗೆ ಸೋರಿದರೆ ಸಾವಿನ ಆಜ್ಞೆಯಾಗುತ್ತದೆ. ಷಿಯಾವ್‌ಡಾಂಗ್ ವಾಂಗ್ ತಂಡ 1996ರಲ್ಲಿ ಇದನ್ನು ತೋರಿಸಿದಾಗ ಹಲವರಿಗೆ ನಂಬಲು ಕಷ್ಟವಾಯಿತು. ಆಜ್ಞೆ ಸಿಕ್ಕೊಡನೆ ಕ್ಯಾಸ್ಪೇಸ್ ಎಂಬ ಕತ್ತರಿಗಳು ಎದ್ದು, ಒಳಗಿನ ಹಂದರವನ್ನು ಕ್ರಮವಾಗಿ ಬಿಚ್ಚುತ್ತವೆ. ಪೊರೆ ಹರಿಯುವುದಿಲ್ಲ. ಪೊರೆಯ ಒಳಮೈಯಲ್ಲಿ ಇರಬೇಕಾದ ಒಂದು ಕೊಬ್ಬು ಹೊರಮೈಗೆ ಹೊರಳುತ್ತದೆ. ಕಸ ತಿನ್ನುವ ಕೋಶಗಳಿಗೆ ಅದು 'ನನ್ನನ್ನು ತಿಂದುಬಿಡು' ಎಂಬ ಫಲಕ. ಅವು ಬಂದು ನುಂಗುತ್ತವೆ. ಏನೂ ಚೆಲ್ಲಲಿಲ್ಲ, ಯಾರಿಗೂ ಗೊತ್ತಾಗಲಿಲ್ಲ.

ಭ್ರೂಣದ ಕೈ ಮೊದಲು ದೋಣಿಯ ಚಪ್ಪಟೆ ಹುಟ್ಟಿನಂತಿರುತ್ತದೆ. ನಡುವಿನ ಕೋಶಗಳು ಹೀಗೆ ಸತ್ತು ಜಾಗ ಬಿಟ್ಟ ಮೇಲೆಯೇ ಬೆರಳು ಬಿಡಿಯಾಗುವುದು. ಥೈಮಸ್ ಗ್ರಂಥಿಯಲ್ಲಿ ತಯಾರಾಗುವ ರಕ್ಷಣಾ ಕೋಶಗಳಲ್ಲಿ ಶೇಕಡಾ 95ಕ್ಕೂ ಹೆಚ್ಚು ಪರೀಕ್ಷೆಯಲ್ಲಿ ಸೋತು ಅಲ್ಲೇ ಸಾಯುತ್ತವೆ. ನಮ್ಮದೇ ದೇಹದ ಮೇಲೆ ಎರಗುವಂಥವನ್ನು ಹೊರಗೆ ಬಿಡಬಾರದಲ್ಲ! ಒಂದು ಅಂದಾಜಿನ ಪ್ರಕಾರ ದೊಡ್ಡವರ ದೇಹದಲ್ಲಿ ದಿನಕ್ಕೆ ಸುಮಾರು 33,000 ಕೋಟಿ ಕೋಶಗಳು ಹೋಗಿ ಅಷ್ಟೇ ಹೊಸವು ಬರುತ್ತವೆ. ಬಹುಪಾಲು ರಕ್ತದ ಕಣಗಳು. ನಿಮಗೇನಾದರೂ ಗೊತ್ತಾಯಿತೇ?

ಹಾಗಾದರೆ ಗಲೀಜಿನ ಸಾವು ಬರೀ ಅಪಘಾತ, ಶಿಸ್ತಿನ ಸಾವು ಮಾತ್ರ ಯೋಜನೆ ಎನ್ನಬಹುದೇ? ತುಂಬ ದಿನ ಹಾಗೇ ಅಂದುಕೊಂಡಿದ್ದರು. ಈಗ ಅಷ್ಟು ಸಲೀಸಾಗಿ ಹೇಳುವಂತಿಲ್ಲ. ಕೆಲವು ವೈರಸ್‌ಗಳು ಕೋಶದೊಳಗೆ ಕೂತು ಕ್ಯಾಸ್ಪೇಸ್‌ಗಳನ್ನೇ ಕಟ್ಟಿಹಾಕುತ್ತವೆ. ಕೋಶ ಶಿಸ್ತಾಗಿ ಸಾಯದಿದ್ದರೆ ವೈರಸ್ಸಿಗೆ ಮನೆ ಉಳಿಯುತ್ತದೆ. ಆಗ ಕೋಶ ಬೇರೆ ಗುಂಡಿ ಒತ್ತುತ್ತದೆ. ಬೇಕೆಂದೇ ತನ್ನ ಪೊರೆ ಒಡೆದುಕೊಳ್ಳುತ್ತದೆ. ಇದಕ್ಕೆ ನೆಕ್ರೊಪ್ಟೋಸಿಸ್ ಎನ್ನುತ್ತಾರೆ. ಬ್ಯಾಕ್ಟೀರಿಯಾ ಹೊಕ್ಕ ಕೋಶಗಳಲ್ಲಿ ಪೈರೊಪ್ಟೋಸಿಸ್ ಎಂಬ ಇನ್ನೊಂದು ದಾರಿ ಇದೆ. ಇಲ್ಲಿ ಗದ್ದಲವೇ ಬೇಕು. ಗಂಟೆ ಬಾರಿಸಿದರೆ ತಾನೇ ಕಾವಲಿನವರು ಬರುವುದು? 2012ರಲ್ಲಿ ಫೆರೊಪ್ಟೋಸಿಸ್ ಎಂಬ ಹೆಸರೂ ಸೇರಿತು. ಅದರಲ್ಲಿ ಕಬ್ಬಿಣದ ನೆರವಿನಿಂದ ಪೊರೆಯ ಕೊಬ್ಬು ಕೆಟ್ಟು ಕೋಶ ಸಾಯುತ್ತದೆ. ಪಟ್ಟಿ ಇನ್ನೂ ಬೆಳೆಯುತ್ತಿದೆ. ಹೆಸರಿಡುವ ಉತ್ಸಾಹ ಕೊಂಚ ಅತಿಯಾಯಿತು ಎಂದು ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ.

ಸಾಯಬೇಕಾದ ಕೋಶ ಸಾಯದಿದ್ದರೆ ಏನಾಗುತ್ತದೆ? ಡಿಎನ್ಎ ಕೆಟ್ಟ ಕೋಶವನ್ನು ತಡೆದು ನಿಲ್ಲಿಸಿ, ರಿಪೇರಿ ಆಗದಿದ್ದರೆ ಸಾವಿಗೆ ಕಳಿಸುವ ಪ್ರೋಟೀನು ಪಿ53. 1979ರಲ್ಲಿ ಪತ್ತೆಯಾದದ್ದು. ಮನುಷ್ಯರ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಇದರ ಜೀನೇ ಕೆಟ್ಟಿರುತ್ತದೆ. ಆನೆಯ ಮೈಯಲ್ಲಿ ನಮಗಿಂತ ಎಷ್ಟೋ ಪಟ್ಟು ಹೆಚ್ಚು ಕೋಶಗಳಿವೆ, ಆದರೂ ಅದಕ್ಕೆ ಕ್ಯಾನ್ಸರ್ ಅಪರೂಪ. ನಮ್ಮಲ್ಲಿ ಈ ಜೀನಿನ ಪ್ರತಿ ಒಂದು ಜೋಡಿ ಇದ್ದರೆ ಆನೆಯಲ್ಲಿ ಇಪ್ಪತ್ತು ಜೋಡಿ ಇವೆ ಎಂದು 2015ರಲ್ಲಿ ಗೊತ್ತಾಯಿತು. ಡಿಎನ್ಎಗೆ ಪೆಟ್ಟು ಬಿದ್ದರೆ ಆನೆಯ ಕೋಶ ನಮ್ಮದಕ್ಕಿಂತ ಬೇಗ ಸಾವಿಗೆ ಒಪ್ಪಿಕೊಳ್ಳುತ್ತದೆ.

ಕೆಲವು ಕ್ಯಾನ್ಸರುಗಳು ಬೇರೆ ದಾರಿ ಹಿಡಿಯುತ್ತವೆ. ಬಿಸಿಎಲ್-2 ಎಂಬ ಪ್ರೋಟೀನು ಮೈಟೊಕಾಂಡ್ರಿಯದ ಬಾಗಿಲು ಕಾಯುತ್ತದೆ, ಸೈಟೊಕ್ರೋಮ್ ಸಿ ಸೋರದಂತೆ ನೋಡಿಕೊಳ್ಳುತ್ತದೆ. ಕೆಲವು ರಕ್ತಕ್ಯಾನ್ಸರಿನ ಕೋಶಗಳು ಇದನ್ನು ರಾಶಿ ರಾಶಿ ತಯಾರಿಸಿಕೊಂಡು ಸಾವನ್ನು ಮುಂದೂಡುತ್ತವೆ. ವೆನೆಟೊಕ್ಲ್ಯಾಕ್ಸ್ ಎಂಬ ಮಾತ್ರೆ ಈ ಕಾವಲುಗಾರನನ್ನು ಹಿಡಿದುಕೊಳ್ಳುತ್ತದೆ. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2016ರಲ್ಲಿ. ಅದು ಕೋಶಕ್ಕೆ ವಿಷ ಹಾಕುವುದಿಲ್ಲ. ಬಾಗಿಲು ಬಿಟ್ಟುಕೊಡುತ್ತದೆ, ಮಿಕ್ಕ ಕೆಲಸ ಕೋಶಕ್ಕೇ ಗೊತ್ತು.

ಆದರೆ ಒಂದು ಎಚ್ಚರ ಬೇಕು. ಮೊದಲ ದಿನವೇ ಪೂರ್ತಿ ಪ್ರಮಾಣ ಕೊಟ್ಟರೆ ಲೆಕ್ಕವಿಲ್ಲದಷ್ಟು ಕೋಶಗಳು ಒಟ್ಟಿಗೇ ಸಾಯಬಹುದು. ಶಿಸ್ತಿನ ಸಾವೇ ಆದರೂ ನುಂಗುವ ಕೋಶಗಳು ಅಷ್ಟು ಸರಕನ್ನು ನಿಭಾಯಿಸಲಾರವು. ಪೊಟ್ಯಾಸಿಯಂ, ಯೂರಿಕ್ ಆಮ್ಲ ರಕ್ತಕ್ಕೆ ನುಗ್ಗಿ ಕಿಡ್ನಿಗೂ ಹೃದಯಕ್ಕೂ ಅಪಾಯ. ಹಾಗಾಗಿ ದೀರ್ಘಕಾಲದ ಲಿಂಫೊಸೈಟಿಕ್ ಲ್ಯುಕೀಮಿಯಾ ಎಂಬ ರಕ್ತಕ್ಯಾನ್ಸರ್ ಇರುವವರಿಗೆ ಮೊದಲ ವಾರ ದಿನಕ್ಕೆ 20 ಮಿಲಿಗ್ರಾಂ ಮಾತ್ರ ಕೊಡುತ್ತಾರೆ. ಧಾರಾಳವಾಗಿ ನೀರು ಕುಡಿಸಿ, ಪದೇ ಪದೇ ರಕ್ತ ಪರೀಕ್ಷಿಸಿ, ವಾರ ವಾರಕ್ಕೂ ಏರಿಸುತ್ತ, ಐದನೇ ವಾರದಲ್ಲಿ 400 ಮಿಲಿಗ್ರಾಂಗೆ ತರುತ್ತಾರೆ.